ದಡದ ಜಮಾ-ಖರ್ಚು

ಚೆನ್ನೈಯ ರಾಷ್ಟ್ರೀಯ ಕರಾವಳಿ ಸಂಶೋಧನಾ ಕೇಂದ್ರ 2018ರಲ್ಲಿ ಹೊರತಂದ ದಡರೇಖೆಯ ವರದಿಯನ್ನು ನಾವು ಈಚೆಗೆ ಸಾವಧಾನವಾಗಿ ಓದಿದೆವು. 1990ರಿಂದ 2016ರವರೆಗಿನ ಉಪಗ್ರಹ ಚಿತ್ರಗಳನ್ನೂ ಸ್ಥಳದಲ್ಲಿ ಮಾಡಿದ ಅಳತೆಗಳನ್ನೂ ಅದು ಆಧರಿಸಿದೆ. ದೇಶದ ದಡದಲ್ಲಿ ಶೇಕಡಾ 33ರಷ್ಟು ಕೊರೆತಕ್ಕೆ ಸಿಕ್ಕಿದೆ, ಶೇಕಡಾ 29ರಷ್ಟು ಬೆಳೆದಿದೆ, ಉಳಿದದ್ದು ಸ್ಥಿರ ಎಂಬುದು ಸಾರಾಂಶ. ಇಷ್ಟು ದೊಡ್ಡ ಕರಾವಳಿಯನ್ನು ಒಂದೇ ಅಳತೆಗೋಲಿನಿಂದ ಅಳೆದ ಶ್ರಮ ಸಣ್ಣದಲ್ಲ. ಅದಕ್ಕೆ ನಮ್ಮ ಮೆಚ್ಚುಗೆ ಸಲ್ಲುತ್ತದೆ.

ಆದರೆ ಕಚೇರಿಯಲ್ಲಿ ಲೆಕ್ಕಪತ್ರ ನೋಡಿ ಪಳಗಿದ ನಮಗೆ ಈ ಸಾರಾಂಶದ ಬಗ್ಗೆ ಒಂದು ಆಕ್ಷೇಪವಿದೆ. 33 ಖರ್ಚು, 29 ಜಮಾ, ಅಂತರ ನಾಲ್ಕೇ ಎಂದು ಓದುಗರು ಸಮಾಧಾನ ಪಟ್ಟುಕೊಂಡಾರು. ಮರಳಿನ ಲೆಕ್ಕ ಹಾಗಲ್ಲ. ಒಂದು ಊರಿನ ಜಮಾ ಪಕ್ಕದ ಊರಿನ ಖರ್ಚೇ ಆಗಿರಬಹುದು.

ಸಂಜೆ ನಾವು ಮಕ್ಕಳೊಡನೆ ಸುಂಡಲ್ ತಿನ್ನುತ್ತ ಕೂರುವ ಮರೀನಾವನ್ನೇ ನೋಡಿ. ಇಲ್ಲಿ ಅಲೆಗಳು ವರ್ಷದ ಒಟ್ಟು ಲೆಕ್ಕದಲ್ಲಿ ಮರಳನ್ನು ದಕ್ಷಿಣದಿಂದ ಉತ್ತರಕ್ಕೆ ಸಾಗಿಸುತ್ತವೆ. 19ನೆಯ ಶತಮಾನದ ಕೊನೆಯಲ್ಲಿ ಬಂದರಿನ ಗೋಡೆ ಅಡ್ಡ ಬಂತು. ದಕ್ಷಿಣಕ್ಕೆ ಮರಳು ಒಟ್ಟಿ ಮರೀನಾ ಅಗಲವಾಯಿತು. ಉತ್ತರದ ರಾಯಪುರಂ ಕಡೆ ದಡ ಸವೆದು, ಕಲ್ಲು ಪೇರಿಸಬೇಕಾಯಿತು. ನಮ್ಮ ವಿಹಾರದ ಮರಳಿನಲ್ಲಿ ಅಲ್ಲಿನ ಬೆಸ್ತರ ಪಾಲೂ ಇದೆ.

ಇನ್ನು 'ಸ್ಥಿರ' ಎಂಬ ಮಾತು. ನಮ್ಮ ಪಶ್ಚಿಮ ಕರಾವಳಿಯಲ್ಲಿ ಮಳೆಗಾಲದ ಕಡಲು ಮರಳನ್ನು ಎಳೆದೊಯ್ಯುತ್ತದೆ, ಶಾಂತವಾದ ಮೇಲೆ ಬಹುಪಾಲು ಹಿಂದಿರುಗಿಸುತ್ತದೆ. ಇಪ್ಪತ್ತಾರು ವರ್ಷದ ಸರಾಸರಿಯಲ್ಲಿ ಅದು ಸ್ಥಿರವೇ. ಆದರೆ ಒಂದೇ ಆಷಾಢದಲ್ಲಿ ಬಾವಿ, ತೆಂಗು, ಅಂಗಳ ಕಳೆದುಕೊಂಡವನಿಗೆ ಸರಾಸರಿಯಿಂದ ಏನು ಪ್ರಯೋಜನ? ಕಡಲ್ಕೊರೆತಕ್ಕೆ ಹೆಸರಾದ ಉಳ್ಳಾಲದವರನ್ನು ಕೇಳಿದರೆ ತಿಳಿಯುತ್ತದೆ.

ಮೇಲಿನಿಂದ ತೆಗೆದ ಚಿತ್ರ ದಡದ ಗೆರೆಯನ್ನು ಚೆನ್ನಾಗಿ ತೋರಿಸುತ್ತದೆ. ಮರಳು ಎಷ್ಟು ಆಳಕ್ಕೆ ಹೋಯಿತೆಂದು ತಿಳಿಯಲು ಕಾಲು ಒದ್ದೆ ಮಾಡಿಕೊಳ್ಳಲೇಬೇಕು. ಮಳೆಗೆ ಮುಂಚೆ ಒಮ್ಮೆ, ಮಳೆ ಕಳೆದು ಒಮ್ಮೆ, ಗುರುತು ಹಾಕಿದ ಅದೇ ಜಾಗದಲ್ಲಿ, ವರ್ಷವರ್ಷವೂ ಮಟ್ಟ ಅಳೆಯಬೇಕು. ಆ ಅಂಕಿಗಳು ಕನ್ನಡದಲ್ಲಿ ಪಂಚಾಯತಿ ಕಟ್ಟೆಯ ಹಲಗೆಯ ಮೇಲೆ ಕಾಣಬೇಕು. ಬಂದರಿಗೋ ತಡೆಗೋಡೆಗೋ ಮಂಜೂರಾತಿ ಕೊಡುವ ಮುನ್ನ, ಇದರ ಖರ್ಚು ಯಾವ ಊರಿನ ಹೆಸರಿಗೆ ಬೀಳುತ್ತದೆ ಎಂದು ಕೇಳುವ ಹಕ್ಕು ಆಗ ಊರವರಿಗೆ ದಕ್ಕೀತು. ಒಳ್ಳೆಯ ವರದಿಯಿಂದ ನಾವು ಅಷ್ಟನ್ನಾದರೂ ಬಯಸುವುದು ತಪ್ಪಲ್ಲ.