ಕಿಂಡಿಯಲ್ಲಿ ನುಸುಳಿ ಬಂದವರು

ಹೊಸದುರ್ಗದ ನಮ್ಮ ಮನೆಯಲ್ಲಿ ಸಂಜೆ ಏಳರ ಮೇಲೆ ಅಮ್ಮನ ಜೊತೆ ಮಾತಾಡಬೇಕೆಂದರೆ ಜಾಹೀರಾತು ಬರುವ ತನಕ ಕಾಯಬೇಕು. ಹೋದ ಸಲ ಊರಿಗೆ ಹೋದಾಗ ಟಿ.ವಿ.ಯಲ್ಲಿ ‘ಮಹಾಸಂಗಮ’ ನಡೆದಿತ್ತು. ಧಾರಾವಾಹಿ ನೋಡದವರಿಗಾಗಿ ಹೇಳುತ್ತೇನೆ: ಒಂದೇ ವಾಹಿನಿಯ ಎರಡು ಧಾರಾವಾಹಿಗಳನ್ನು ಕೆಲವು ದಿನಗಳ ಮಟ್ಟಿಗೆ ಜೋಡಿಸಿ, ಅರ್ಧರ್ಧ ಗಂಟೆಯ ಎರಡು ಕಂತುಗಳ ಬದಲು ಒಂದು ಗಂಟೆಯ ಒಂದೇ ಕಂತು ತೋರಿಸುವ ಏರ್ಪಾಡು ಅದು. ಈ ಧಾರಾವಾಹಿಯ ಮನೆಯಲ್ಲಿ ಪೂಜೆಯೋ ನಿಶ್ಚಿತಾರ್ಥವೋ ಇರುತ್ತದೆ, ಆ ಧಾರಾವಾಹಿಯವರು ಸಂಸಾರ ಸಮೇತ ಬಂದಿಳಿಯುತ್ತಾರೆ. ಅವತ್ತು ಬಂದವಳು ಪೊಲೀಸ್ ಅಧಿಕಾರಿ. ಎಷ್ಟೋ ತಿಂಗಳಿಂದ ಅತ್ತೆಯ ಕೈಯಲ್ಲಿ ನರಳುತ್ತಿದ್ದ ಈ ಮನೆಯ ಸೊಸೆ ಅವಳಿಗೆ ಅರಿಶಿನ ಕುಂಕುಮ ಕೊಟ್ಟಳು. ಇಬ್ಬರೂ ನಕ್ಕರು. ಹಿಂದೆ ವೀಣೆ ಬಾರಿಸಿತು.

ಅಮ್ಮನಿಗೆ ತಡೆಯಲಾಗಲಿಲ್ಲ. “ಇವಳ ಕಷ್ಟ ಅವಳ ಹತ್ರ ಒಂದು ಮಾತು ಹೇಳಬಾರದಾ? ಪೊಲೀಸಲ್ವೇನೋ ಅವಳು?” ಎಂದು ನನ್ನನ್ನೇ ಕೇಳಿದಳು. ಕತೆ ಬರೆದವನು ನಾನೇ ಏನೋ ಎಂಬಂತೆ. ಆಮೇಲೆ ತಾನೇ ಉತ್ತರ ಹೇಳಿಕೊಂಡಳು: “ಬಿಡು, ಸೋಮವಾರಕ್ಕೆ ಇಬ್ರಿಗೂ ನೆನಪಿರಲ್ಲ.”

ಕಥಾಲೋಕಗಳ ಕೂಡಾಟದ ಬಗ್ಗೆ ನಾನು ಕೇಳಿದ ಒಳ್ಳೆಯ ವಿಮರ್ಶೆಗಳಲ್ಲಿ ಇದೂ ಒಂದು. ಅಮ್ಮನ ಮಾತಿನಲ್ಲಿ ಎರಡು ನಿರೀಕ್ಷೆಗಳಿವೆ. ಒಂದು ಲೋಕದವಳು ಇನ್ನೊಂದು ಲೋಕಕ್ಕೆ ಬಂದಳು ಎಂದರೆ ಅಲ್ಲಿ ಏನಾದರೂ ಆಗಬೇಕು. ಆದದ್ದು ಆಮೇಲೂ ಉಳಿಯಬೇಕು. ಮಹಾಸಂಗಮ ಎರಡನ್ನೂ ಕೊಡಲಾರದು. ಎರಡು ತಂಡದ ಬರಹಗಾರರು, ಎರಡು ಕತೆಗಳ ಮುಂದಿನ ನೂರು ಕಂತುಗಳು, ಯಾವುದಕ್ಕೂ ಧಕ್ಕೆಯಾಗದ ಹಾಗೆ ನೆಂಟರು ಬಂದು ಉಂಡು ಹೋಗಬೇಕು. ಒಂದೇ ಬೇರಿನಿಂದ ಒಡೆದ ಕತೆಗಳಾದರೆ ಮಾತು ಬೇರೆ. 2022ರಲ್ಲಿ ಶುರುವಾದ ‘ಭಾಗ್ಯಲಕ್ಷ್ಮಿ’ಯ ತಂಗಿಯ ಕತೆ ಮರುವರ್ಷ ‘ಲಕ್ಷ್ಮೀ ಬಾರಮ್ಮ’ ಎಂದು ಬೇರೆಯಾಯಿತಲ್ಲ, ಅಲ್ಲಿ ಅಕ್ಕ ತಂಗಿಯ ಮನೆಗೆ ಬಂದರೆ ಅದಕ್ಕೆ ಮಹಾಸಂಗಮದ ಹೆಸರೇ ಬೇಡ. ತವರಿನ ಸಂಬಂಧ ಅದು, ಬಂದವಳ ಕಣ್ಣಿಗೆ ತಂಗಿಯ ಮುಖ ಬಾಡಿದ್ದು ಕಾಣಲೇಬೇಕು.

ಟಿ.ಎನ್. ಸೀತಾರಾಮ್ ಅವರ ಸಿ.ಎಸ್.ಪಿ. ಎಂಬ ವಕೀಲನದು ಇನ್ನೊಂದು ದಾರಿ. ಒಂದು ಧಾರಾವಾಹಿ ಮುಗಿದು ಎಷ್ಟೋ ವರ್ಷದ ಮೇಲೆ ಇನ್ನೊಂದರಲ್ಲಿ ಅದೇ ಹೆಸರು, ಅದೇ ಕರಿಕೋಟು. ಕತೆ ಬೇರೆ, ಸಂಸಾರ ಬೇರೆ. ಆದರೂ ಆತ ಕೋರ್ಟಿನಲ್ಲಿ ಎದ್ದು ನಿಂತರೆ ನೋಡುವವರ ಮನಸ್ಸಿನಲ್ಲಿ ಹಳೆಯ ಕೇಸುಗಳೂ ಎದ್ದು ನಿಲ್ಲುತ್ತಿದ್ದವು. ಅಮೆರಿಕದ ಟಿ.ವಿ.ಯಲ್ಲಿ ಜಾನ್ ಮಂಚ್ ಎಂಬ ಪತ್ತೇದಾರ ಹೀಗೆಯೇ ‘ಹೋಮಿಸೈಡ್’ನಿಂದ ‘ಲಾ ಅಂಡ್ ಆರ್ಡರ್’ಗೆ ವರ್ಗವಾಗಿ ಹೋದ, ನಡುವೆ ‘ಎಕ್ಸ್ ಫೈಲ್ಸ್’ಗೂ ಒಮ್ಮೆ ಹಾಯ್ದು ಬಂದ. ಅದೇ ದೇಶದ ‘ಸೇಂಟ್ ಎಲ್ಸ್‌ವೇರ್’ ಎಂಬ ಆಸ್ಪತ್ರೆಯ ಧಾರಾವಾಹಿ 1988ರಲ್ಲಿ ಮುಗಿದದ್ದು ಒಬ್ಬ ಹುಡುಗ ಗಾಜಿನ ಗೋಲವೊಂದನ್ನು ದಿಟ್ಟಿಸುವುದರೊಂದಿಗೆ. ಗೋಲದೊಳಗೆ ಆ ಆಸ್ಪತ್ರೆಯೇ ಇರುತ್ತದೆ. ಅಂದರೆ ಅಷ್ಟೂ ವರ್ಷದ ಕತೆ ಆ ಹುಡುಗನ ಕಲ್ಪನೆ. ಅಲ್ಲಿನ ಪಾತ್ರಗಳು ಬೇರೆ ಧಾರಾವಾಹಿಗಳಿಗೆ ಹೋಗಿ ಬಂದದ್ದುಂಟಾದ್ದರಿಂದ ಅವೂ ಕಲ್ಪನೆಯೇ, ಅವುಗಳಿಗೆ ನಂಟಿರುವ ಮಿಕ್ಕವೂ ಕಲ್ಪನೆಯೇ ಎಂದು ಅಭಿಮಾನಿಗಳು ವಂಶವೃಕ್ಷ ಬರೆಯುತ್ತಾ ಕೂತರು. ನಮ್ಮಲ್ಲಿ ‘ಕೆ.ಜಿ.ಎಫ್.’ಗೂ ‘ಸಲಾರ್’ಗೂ ನಂಟು ಹುಡುಕಿದ ಹುಡುಗರದೂ ಇದೇ ಆಟ. ಆಟವಾಗಿ ಚೆನ್ನಾಗಿದೆ. ಆದರೆ ಯಾರಿಗೆ ಯಾರು ಏನಾಗಬೇಕು ಎಂಬುದು ಅಮ್ಮನ ಪ್ರಶ್ನೆಯಾಗಿರಲಿಲ್ಲ.

ಆ ಪ್ರಶ್ನೆಗೆ ತಕ್ಕ ಉತ್ತರವೊಂದು ನಮ್ಮ ಜಿಲ್ಲೆಯ ಬಂಡೆಗಳ ಮೇಲೆಯೇ 1972ರಲ್ಲಿ ಚಿತ್ರೀಕರಣವಾಗಿ ಕೂತಿದೆ. ‘ನಾಗರಹಾವು’ ನೂರು ಸಲ ನೋಡಿದವರೂ ಅದನ್ನು ಎರಡು ಲೋಕಗಳ ಕೂಡಾಟ ಎಂದು ನೋಡಿರಲಾರರು. ನಾನೂ ನೋಡಿರಲಿಲ್ಲ.

ನೆನಪಿಸಿಕೊಳ್ಳಿ. ತ.ರಾ.ಸು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಬೆಸೆದು ಪುಟ್ಟಣ್ಣ ಕಣಗಾಲ್ ಮಾಡಿದ ಚಿತ್ರ ಅದು. ಕಾಲೇಜು ಹುಡುಗ ರಾಮಾಚಾರಿ, ಅವನ ಚಾಮಯ್ಯ ಮೇಷ್ಟ್ರು, ಅಲಮೇಲು, ಮಾರ್ಗರೆಟ್, ಜಲೀಲ. ಎಲ್ಲವೂ ಇಪ್ಪತ್ತನೆಯ ಶತಮಾನದ ದುರ್ಗದ ಬೀದಿಗಳಲ್ಲಿ ನಡೆಯುವ ಕತೆ. ಅದರ ನಡುವೆ ಇದ್ದಕ್ಕಿದ್ದಂತೆ ಹದಿನೆಂಟನೆಯ ಶತಮಾನದ ಒಬ್ಬ ಹೆಂಗಸು ಬರುತ್ತಾಳೆ. ಒಂದು ಹಾಡಿನಷ್ಟು ಹೊತ್ತು ರಾಮಾಚಾರಿಯ ಸಿನಿಮಾ ನಿಂತು, ಮದಕರಿ ನಾಯಕನ ಕಾಲದ ಇನ್ನೊಂದು ಸಿನಿಮಾ ಶುರುವಾಗುತ್ತದೆ. ಹೈದರಾಲಿಯ ಮುತ್ತಿಗೆ, ಊಟಕ್ಕೆ ಬಂದ ಕಾವಲುಗಾರ ಗಂಡನಾಗಿ ಎಂ.ಪಿ. ಶಂಕರ್, ನೀರು ತರಲು ಹೋದ ಓಬವ್ವನಾಗಿ ಜಯಂತಿ, ಕಿಂಡಿಯಲ್ಲಿ ತಲೆ ತೂರಿಸುವ ಸೈನಿಕ, ಒನಕೆ. ಮುಗಿದ ಮೇಲೆ ಮತ್ತೆ ರಾಮಾಚಾರಿ.

ಕತೆಗೆ ಓಬವ್ವ ಬೇಕಾಗಿಯೇ ಇಲ್ಲ. ಆ ಹಾಡು ಕತ್ತರಿಸಿ ತೆಗೆದರೂ ಅಲಮೇಲುವಿನ ಮದುವೆ ತಪ್ಪುವುದು ತಪ್ಪುತ್ತಿರಲಿಲ್ಲ. ಊರಿನ ಹೆಮ್ಮೆಗಾಗಿ, ಕೋಟೆ ತೋರಿಸುವ ಆಸೆಗಾಗಿ ಸೇರಿಸಿದ್ದು ಎಂದು ತಳ್ಳಿಹಾಕುವುದು ಸುಲಭ. ಬಹುಕಾಲ ನಾನು ಹಾಗೇ ಅಂದುಕೊಂಡಿದ್ದೆ. ಚಿತ್ರ ಡಿಜಿಟಲ್ ಆಗಿ 2018ರಲ್ಲಿ ಮತ್ತೆ ತೆರೆಗೆ ಬಂದಾಗ ನೋಡಿದ ಮೇಲೆ ಅಭಿಪ್ರಾಯ ಬದಲಾಯಿತು.

ಓಬವ್ವ ಮಾಡಿದ್ದೇನು? ಅವಳು ಯಾರನ್ನೂ ಕೇಳಲಿಲ್ಲ. ಉಣ್ಣುತ್ತಾ ಕೂತ ಗಂಡನನ್ನು ಎಬ್ಬಿಸಲಿಲ್ಲ, ಅರಮನೆಗೆ ಸುದ್ದಿ ಕಳಿಸಲಿಲ್ಲ. ಕೈಗೆ ಸಿಕ್ಕ ಒನಕೆ ಹಿಡಿದು ನಿಂತಳು. ಕೋಟೆ ಕಾಯುವುದು ಅವಳ ಕೆಲಸವಾಗಿರಲಿಲ್ಲ. ಛಲವಾದಿ ಕುಲದ ಆ ಹೆಣ್ಣಿನಿಂದ ಅದನ್ನು ಯಾರೂ ನಿರೀಕ್ಷಿಸಿಯೂ ಇರಲಿಲ್ಲ. ಅದೇ ಊರು ಇನ್ನೂರು ವರ್ಷದ ನಂತರ ಅವಳ ಹಾಡಿಗೆ ಕಣ್ಣು ಒದ್ದೆ ಮಾಡಿಕೊಳ್ಳುತ್ತಾ, ಪಕ್ಕದಲ್ಲೇ ನಿಂತ ರಾಮಾಚಾರಿಗೆ ಮಾತ್ರ ಬಗ್ಗು, ಕೇಳಿ ಮಾಡು, ಕುಲ ನೋಡು ಎನ್ನುತ್ತದೆ. ಅವನಲ್ಲಿರುವುದೂ ಅದೇ ಛಲ. ಆದರೆ ಕಾಯಲು ಕೋಟೆಯಿಲ್ಲ, ಹೊಡೆಯಲು ಶತ್ರುವಿಲ್ಲ. ಇರುವುದು ಪ್ರಿನ್ಸಿಪಾಲರು, ತಂದೆ, ಅಕ್ಕಪಕ್ಕದ ಮನೆಯವರು. ಹದಿನೆಂಟನೆಯ ಶತಮಾನದಲ್ಲಿ ಹುಟ್ಟಿದ್ದರೆ ಬುರುಜಿನ ಮೇಲಿರುತ್ತಿದ್ದವನು ಇಲ್ಲಿ ಊರಿಗೆ ಪೋಕರಿ.

ಇನ್ನೊಂದು ಮಾತು. ರಾಮಾಚಾರಿ ತನ್ನ ಹಠ ಬಿಟ್ಟು ಮನಸಾರೆ ತಲೆಬಾಗುವುದು ಚಾಮಯ್ಯ ಮೇಷ್ಟ್ರ ಮಾತಿಗೆ, ಅಲಮೇಲುವನ್ನು ಬಿಟ್ಟುಕೊಡುವಾಗ. ಜಾತಿ ಬೇರೆ ಎಂಬ ಕಾರಣಕ್ಕೆ. ಮುಂದೆ ಅಲಮೇಲು ಯಾವ ಸ್ಥಿತಿಯಲ್ಲಿ ಅವನಿಗೆ ಸಿಗುತ್ತಾಳೆ ಎಂಬುದು ನಿಮಗೆ ಗೊತ್ತು. ಅಪ್ಪಣೆಗೆ ಕಾಯದ ಓಬವ್ವ ಒಂದು ಕಡೆ, ಅಪ್ಪಣೆ ಪಾಲಿಸಿ ಒಬ್ಬಳ ಬದುಕು ಕೆಡಿಸಿದ ರಾಮಾಚಾರಿ ಇನ್ನೊಂದು ಕಡೆ. ಕೊನೆಯಲ್ಲಿ ಮೇಷ್ಟ್ರು ಬೆಟ್ಟದಿಂದ ಬೀಳುತ್ತಾರೆ, ಅವರ ಹಿಂದೆ ರಾಮಾಚಾರಿ, ಮಾರ್ಗರೆಟ್. ಪ್ರೀತಿಯ ಮೇಷ್ಟ್ರನ್ನು ಚಿತ್ರ ಖಳನನ್ನಾಗಿ ಮಾಡುವುದಿಲ್ಲ, ಕೆ.ಎಸ್. ಅಶ್ವಥ್ ಅವರ ಆ ಮುಖ ನೋಡಿ ಯಾರಿಗೂ ಹಾಗನ್ನಿಸದು. ಆದರೆ ಓಬವ್ವನ ಪಕ್ಕಕ್ಕಿಟ್ಟು ನೋಡಿದಾಗ ಮೇಷ್ಟ್ರ ಒಳ್ಳೆಯತನದ ಬೆಲೆ ಎಷ್ಟೆಂದು ಲೆಕ್ಕ ಸಿಗುತ್ತದೆ. ಓಬವ್ವ ರಾಮಾಚಾರಿಯ ಲೋಕಕ್ಕೆ ನೆಂಟಳಾಗಿ ಬಂದವಳಲ್ಲ, ಆ ಲೋಕದ ಅಳತೆಗೋಲಾಗಿ ಬಂದವಳು. ಪುಟ್ಟಣ್ಣ ಇಷ್ಟೆಲ್ಲ ಯೋಚಿಸಿದ್ದರೇ ಎಂದು ಕೇಳಬಹುದು. ಯೋಚಿಸದೆಯೂ ಕೈ ತಾನಾಗಿ ಸರಿಯಾದ ಕಡೆ ಹೋಗುವ ನಿರ್ದೇಶಕ ಅವರು.

ತ.ರಾ.ಸು. ಮಾತ್ರ ಚಿತ್ರವನ್ನು ಕೊನೆಗೂ ಒಪ್ಪಲಿಲ್ಲ. ತಮ್ಮ ನಾಗರಹಾವನ್ನು ಪುಟ್ಟಣ್ಣ ಕೇರೆಹಾವು ಮಾಡಿದರು ಎಂದು ಅವರು ಹೇಳಿದ್ದು ಪ್ರಸಿದ್ಧವೇ. ಈ ಸಿಟ್ಟನ್ನು ನಾನು ಹಗುರವಾಗಿ ತೆಗೆದುಕೊಳ್ಳಲಾರೆ. ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ಅವರಿಗೆ ದುರ್ಗವೇ ಲೋಕ. ಪಾಳೆಯಗಾರರ ಕಾಲಕ್ಕೆ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ದಿಂದ ಹಿಡಿದು 1982ರ ‘ದುರ್ಗಾಸ್ತಮಾನ’ದವರೆಗೆ ಒಂದು ಸಾಲು, ಸಂಗೀತಗಾರನ ಕತೆಗೆ ‘ಹಂಸಗೀತೆ’, ಕಾಲೇಜು ಹುಡುಗನಿಗೆ ಇನ್ನೊಂದು ಸಾಲು. ಬಂಡೆ ಒಂದೇ, ಕಪಾಟುಗಳು ಬೇರೆ. ಮದಕರಿಯ ಕಾಲಕ್ಕೊಂದು ಭಾಷೆ, ರಾಮಾಚಾರಿಯ ಮನೋವಿಕಾರಕ್ಕೊಂದು ಭಾಷೆ ಎಂದು ಜತನದಿಂದ ಬೇರೆಯಿಟ್ಟಿದ್ದ ಲೇಖಕನಿಗೆ ನಡುವಿನ ಗೋಡೆಯಲ್ಲಿ ಇನ್ನೊಬ್ಬರು ಕಿಂಡಿ ಕೊರೆದದ್ದು ಹೇಗೆ ಸಹ್ಯವಾದೀತು? ರಾಮಾಚಾರಿಯ ಹಠಕ್ಕೆ ಓಬವ್ವನ ಶೌರ್ಯದ ಬಣ್ಣ ತಗುಲಿದ ಕೂಡಲೇ ಅವನ ವಿಷ ಇಳಿಯಿತು, ಅವನು ನಾಯಕನಾಗಿಬಿಟ್ಟ. ಕಾದಂಬರಿಕಾರನ ಕಡೆಯಿಂದ ನೋಡಿದರೆ ನಷ್ಟ ನಿಜವಾದದ್ದು. ಆದರೂ ನಾನು ಪುಟ್ಟಣ್ಣನ ಕಡೆ. ವಿಷ ಇಳಿದಷ್ಟಕ್ಕೆ ಊರು ಕಟಕಟೆ ಹತ್ತಿತು.

ಆ ಕಿಂಡಿಯಲ್ಲಿ ಆಮೇಲೆ ನುಸುಳಿದವರಿಗೆ ಲೆಕ್ಕವಿಲ್ಲ. 1991ರಲ್ಲಿ ರವಿಚಂದ್ರನ್ ಅವರ ‘ರಾಮಾಚಾರಿ’ ಬಂತು, ಹೆಸರೊಂದು ಬಿಟ್ಟು ಬೇರೇನೂ ಸಂಬಂಧವಿಲ್ಲ. 2014ರ ‘ಮಿಸ್ಟರ್ ಅಂಡ್ ಮಿಸೆಸ್ ರಾಮಾಚಾರಿ’ಯಲ್ಲಿ ಯಶ್ ಪಾತ್ರ ವಿಷ್ಣುವರ್ಧನ್ ಅಭಿಮಾನಿ, ಹಳೆಯ ರಾಮಾಚಾರಿ ಅಲ್ಲಿ ಒಂದು ಸಿನಿಮಾ ಎಂದೇ ಗೊತ್ತಿರುವ ಲೋಕ ಅದು, ಪ್ರಾಮಾಣಿಕ ವ್ಯವಹಾರ. ನನಗೆ ಕಸಿವಿಸಿಯಾದದ್ದು 2016ರ ‘ನಾಗರಹಾವು’ ನೋಡಿ. 2009ರಲ್ಲೇ ತೀರಿಕೊಂಡಿದ್ದ ವಿಷ್ಣುವರ್ಧನ್ ಅವರ ಮುಖವನ್ನು ಗ್ರಾಫಿಕ್ಸ್‌ನಲ್ಲಿ ಕಟ್ಟಿ ಬೇರೊಬ್ಬರ ಮೈಗೆ ಅಂಟಿಸಿ ತಂದರು. ಚಿತ್ರಮಂದಿರದಲ್ಲಿ ಶಿಳ್ಳೆ ಬಿತ್ತು, ನಾನೂ ಒಂದು ಕ್ಷಣ ಎದ್ದು ಕೂತೆ. ಅಷ್ಟೇ. ಆ ಮುಖಕ್ಕೆ ಹಠವಿಲ್ಲ, ಬಿಕ್ಕಟ್ಟಿಲ್ಲ. ಅದು ಬಂದದ್ದರಿಂದ ಆ ಕತೆಯಲ್ಲಿ ಯಾರೂ ತಮ್ಮ ಬಗ್ಗೆ ಬೇರೆ ರೀತಿ ಯೋಚಿಸಬೇಕಾಗಿ ಬರುವುದಿಲ್ಲ. ಅರಿಶಿನ ಕುಂಕುಮ ತೆಗೆದುಕೊಂಡು ಹೊರಟ ಪೊಲೀಸ್ ಅಧಿಕಾರಿಯ ಹಾಗೆಯೇ.

ಹಳಬರಿಗೆ ಇದರ ಮರ್ಮ ಗೊತ್ತಿತ್ತು. ‘ಶರಸೇತು ಬಂಧನ’ ಪ್ರಸಂಗವನ್ನೇ ನೋಡಿ, ತ್ರೇತಾಯುಗದ ಹನುಮಂತನೂ ದ್ವಾಪರದ ಅರ್ಜುನನೂ ಎದುರಾಗುತ್ತಾರೆ. ರಾಮ ಬಾಣದ ಸೇತುವೆಯನ್ನೇಕೆ ಕಟ್ಟಲಿಲ್ಲ ಎಂಬ ಅರ್ಜುನನ ಜಂಬ, ಹನುಮಂತನ ಪಾದದಡಿ ಆ ಸೇತುವೆ ಮುರಿಯುವುದು. ತಾಳಮದ್ದಲೆಯಲ್ಲಿ ಒಳ್ಳೆಯ ಅರ್ಥಧಾರಿಗಳು ಸಿಕ್ಕರೆ ಬೆಳಗಾಗುವವರೆಗೆ ನಡೆಯುವ ವಾದ. ಆದರೆ ಪ್ರಸಂಗ ಮುಗಿದ ಮೇಲೆ ಹನುಮಂತ ಸುಮ್ಮನೆ ರಾಮಾಯಣಕ್ಕೆ ವಾಪಸು ಹೋಗುವುದಿಲ್ಲ. ಅರ್ಜುನನ ರಥದ ಬಾವುಟದಲ್ಲಿ ಕೂತುಬಿಡುತ್ತಾನೆ. ಕುರುಕ್ಷೇತ್ರದಲ್ಲಿ ಅರ್ಜುನ ತಲೆಯೆತ್ತಿದಾಗಲೆಲ್ಲ ತನ್ನ ಜಂಬ ಮುರಿದವನು ಅಲ್ಲಿರುತ್ತಾನೆ. ಸೋಮವಾರಕ್ಕೆ ಮರೆಯುವ ಹಾಗಿಲ್ಲ.

ನಮ್ಮ ಜಿಲ್ಲೆಯಂತೂ ಇಂಥ ಕೂಡಾಟಕ್ಕೆ ಮೊದಲಿನಿಂದ ಒಗ್ಗಿದ್ದು. ದುರ್ಗದ ಬೆಟ್ಟದ ಮೇಲೆ ಹಿಡಿಂಬೇಶ್ವರನ ಗುಡಿ. ಹಿಡಿಂಬ ಇಲ್ಲಿದ್ದ, ಭೀಮ ಇಲ್ಲೇ ಅವನನ್ನು ಕೊಂದ ಎಂಬ ನಂಬಿಕೆ. ಮೊಳಕಾಲ್ಮುರಿನ ಜಟಿಂಗ ರಾಮೇಶ್ವರದ ಬೆಟ್ಟದಲ್ಲಿ ರಾವಣನಿಂದ ರೆಕ್ಕೆ ಕಡಿಸಿಕೊಂಡ ಜಟಾಯು ಬಿದ್ದದ್ದಂತೆ, ಅದೇ ಬೆಟ್ಟದಲ್ಲಿ ಅಶೋಕನ ಶಾಸನವೂ ಇದೆ. ವ್ಯಾಸ, ವಾಲ್ಮೀಕಿ, ಮೌರ್ಯ ಚಕ್ರವರ್ತಿ ಎಲ್ಲರಿಗೂ ಇಲ್ಲಿನ ಕಲ್ಲಿನ ಮೇಲೆ ಜಾಗ ಸಿಕ್ಕಿರುವಾಗ ಓಬವ್ವನೂ ರಾಮಾಚಾರಿಯೂ ಒಂದೇ ರೀಲಿನಲ್ಲಿ ಬಂದರೆ ಇಲ್ಲಿನವರಿಗೆ ಅಚ್ಚರಿಯೇನೂ ಆಗಲಿಲ್ಲ. ಕೋಟೆ ತೋರಿಸುವವರು ಇಂದಿಗೂ ಓಬವ್ವನ ಕಿಂಡಿ ತೋರಿಸಿದ ಉಸಿರಿನಲ್ಲೇ ರಾಮಾಚಾರಿ ಓಡಾಡಿದ ಬಂಡೆಯನ್ನೂ ತೋರಿಸುತ್ತಾರೆ. ಕ್ರಿಯಾಪದದಲ್ಲಿ ವ್ಯತ್ಯಾಸ ಮಾಡುವುದಿಲ್ಲ. ಅವಳು ಇಲ್ಲಿ ನಿಂತಿದ್ದಳು, ಅವನು ಅಲ್ಲಿ ನಿಂತಿದ್ದ.

ಇದರಲ್ಲಿ ಒಂದು ಅಪಾಯವೂ ಇದೆ ಎಂಬುದನ್ನು ಮುಚ್ಚಿಡಲಾರೆ. ಚಿತ್ರವಿಲ್ಲದ ಕಾಲದ ಓಬವ್ವನ ಮುಖ ಯಾರಿಗೂ ಗೊತ್ತಿಲ್ಲ. ಆ ಖಾಲಿ ಜಾಗದಲ್ಲಿ ಈಗ ಜಯಂತಿ ಇದ್ದಾರೆ. ಶಾಲೆಯ ವಾರ್ಷಿಕೋತ್ಸವದಲ್ಲಿ ಒನಕೆ ಹಿಡಿದು ನಿಲ್ಲುವ ಹುಡುಗಿ ಸೆರಗು ಕಟ್ಟುವುದು, ಕಣ್ಣು ಅರಳಿಸುವುದು ಎಲ್ಲ ಸಿನಿಮಾದ ಓಬವ್ವನಂತೆ. ಪುಟ್ಟಣ್ಣ ಓಬವ್ವನನ್ನು ರಾಮಾಚಾರಿಯ ಲೋಕಕ್ಕೆ ಕರೆತಂದರು, ಆದರೆ ಅವಳು ತಿರುಗಿ ತನ್ನ ಲೋಕಕ್ಕೆ ಹೋಗುವಾಗ ಬೇರೆ ಮುಖ ಹೊತ್ತು ಹೋದಳು.

ಕಳೆದ ಚಳಿಗಾಲದಲ್ಲಿ ಅಮ್ಮನನ್ನು ಕೋಟೆಗೆ ಕರೆದುಕೊಂಡು ಹೋಗಿದ್ದೆ. ಮಂಡಿನೋವು, ಮೇಲೆ ಹತ್ತಲು ಆಗುವುದಿಲ್ಲ, ಕಿಂಡಿಯ ತನಕ ಸಾಕು ಎಂದಳು. ತಣ್ಣೀರು ದೋಣಿಯ ಹತ್ತಿರ ಸ್ವಲ್ಪ ಕೂತು ಸುಧಾರಿಸಿಕೊಂಡು ಎದ್ದಳು. ಕಿಂಡಿಯ ಮುಂದೆ ಕಾಲೇಜು ಹುಡುಗರು ಒಬ್ಬೊಬ್ಬರಾಗಿ ಒಳಗಿನಿಂದ ತಲೆ ಹೊರಹಾಕಿ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಅವರು ಸರಿಯುವವರೆಗೆ ಕಾದು, ಅಮ್ಮ ಚಪ್ಪಲಿ ಬಿಟ್ಟು ಹತ್ತಿರ ಹೋಗಿ ಬಂಡೆ ಮುಟ್ಟಿ ಕಣ್ಣಿಗೊತ್ತಿಕೊಂಡಳು. “ಪಾಪ, ಜಯಂತಿ ಎಷ್ಟು ಚೆನ್ನಾಗಿ ಮಾಡಿದ್ಲು” ಎಂದಳು. ಆಮೇಲೆ ಗಂಟೆ ಎಷ್ಟಾಯಿತೆಂದು ಕೇಳಿದಳು. ಹೊಸದುರ್ಗಕ್ಕೆ ಏಳರೊಳಗೆ ಸೇರಬೇಕಿತ್ತು.