ಪರಿಹಾಸಗೋಷ್ಠಿಯೂ ಪ್ರೇಕ್ಷಕರ ನಗೆಯೂ

೧

ಪರಿಹಾಸವು ಆಡಿದವನಿಗೆ ಸೇರಿದುದೋ ಕೇಳಿದವನಿಗೆ ಸೇರಿದುದೋ ಎಂಬ ಪ್ರಶ್ನೆಯು ಆಲಂಕಾರಿಕರಿಗೆ ಹೊಸದಲ್ಲ. ಆದರೆ ಆ ಪರಿಹಾಸವು ರಾಜ್ಯವನ್ನಾಳುವವರನ್ನು ಕುರಿತುದಾದಾಗ ಪ್ರಶ್ನೆಯು ಶಾಸ್ತ್ರದ ಎಲ್ಲೆಯನ್ನು ಮೀರಿ ಲೋಕವ್ಯವಹಾರಕ್ಕೂ ಸಂಬಂಧಿಸುವುದು. ಆಳುವವನನ್ನು ಕುರಿತು ಸಭೆಯು ನಕ್ಕಿತೆಂದರೆ, ಆ ನಗೆಯು ಅವನನ್ನು ತಿದ್ದಿತೇ, ಅಥವಾ ಅವನ ಕೊರಳಿಗೆ ಮತ್ತೊಂದು ಹಾರವನ್ನು ಹಾಕಿತೇ? ಆಡಿದ ಮಾತನ್ನು ಮಾತ್ರವೇ ಪರೀಕ್ಷಿಸಿ ಇದನ್ನು ನಿರ್ಣಯಿಸುವುದು ಶಕ್ಯವಲ್ಲ. ನಕ್ಕವರ ನಗೆಯನ್ನೂ ಪರೀಕ್ಷಿಸಬೇಕಾಗುವುದು. ದೋರಸಮುದ್ರದ ವಿದ್ವತ್ಸಭೆಯ ಐತಿಹ್ಯ, ಕನ್ನಡದ ಅವಧಾನಸಭೆ, ಲಂಡನ್ನಿನ ದೂರದರ್ಶನದ ಪರಿಹಾಸಗೋಷ್ಠಿ, ಈ ಮೂರನ್ನೂ ಒಂದೇ ಒರೆಗಲ್ಲಿನಲ್ಲಿ ತಿಕ್ಕಿ ನೋಡುವುದು ಪ್ರಕೃತ ಲೇಖನದ ಉದ್ದೇಶವು.

ಒರೆಗಲ್ಲು ಭರತಮುನಿಯದು. ನಾಟ್ಯಶಾಸ್ತ್ರದ ೨೭ನೆಯ ಅಧ್ಯಾಯವು ಪ್ರಯೋಗದ ಸಿದ್ಧಿಯನ್ನು ಪ್ರೇಕ್ಷಕರಲ್ಲಿ ತೋರುವ ಚಿಹ್ನೆಗಳಿಂದಲೇ ಅಳೆಯುವುದು. ಸಿದ್ಧಿಯು ಮಾನುಷಿ, ದೈವಿಕಿ ಎಂದು ಎರಡು ತೆರನು. ಮುಗುಳ್ನಗೆ, ಅರೆನಗೆ, ಅತಿಹಾಸ, ಮೆಚ್ಚಿ 'ಸಾಧು' ಎನ್ನುವುದು, ಬೆರಗಾಗಿ 'ಅಹೋ' ಎನ್ನುವುದು, ಮರುಗಿ 'ಕಷ್ಟಂ' ಎನ್ನುವುದು, ಇವೇ ಮೊದಲಾದುವು ಮಾನುಷಿಯ ವಾಚಿಕಚಿಹ್ನೆಗಳು. ರೋಮಾಂಚವೂ ಪೀಠದಿಂದೇಳುವುದೂ ಮೇಲುವಸ್ತ್ರವನ್ನು ಕೊಡುವುದೂ ಶರೀರದ ಚಿಹ್ನೆಗಳು. ದೈವಿಕಿಯಾದರೋ ಇವುಗಳಿಗಿಂತ ಬೇರೆ: ರಂಗವು ತುಂಬಿದ್ದು, ಸದ್ದಾಗಲಿ ಕ್ಷೋಭೆಯಾಗಲಿ ಇಲ್ಲದಿರುವುದೇ ಅದರ ಲಕ್ಷಣವು. ವಿದೂಷಕನ ಮಾತಿಗೆ ಅತಿಹಾಸವೇ ತಕ್ಕ ಪ್ರತಿಫಲವೆಂದು ಮುನಿಯು ಒಪ್ಪುವನು; ಆದರೆ ಅದನ್ನು ಸಿದ್ಧಿಯ ತುತ್ತತುದಿಯೆಂದು ಎಲ್ಲಿಯೂ ಹೇಳುವುದಿಲ್ಲ. ಇಷ್ಟೇ ಅಲ್ಲದೆ, ಎದುರಾಳಿಗಳು ಬೇಕೆಂದೇ ಕೂಗುವುದು, ಸೆಗಣಿ ಹೆಂಟೆಗಳನ್ನೆಸೆಯುವುದು ಮುಂತಾದುವನ್ನು ಅವನು ಸಿದ್ಧಿಯಲ್ಲಿ ಸೇರಿಸದೆ 'ಘಾತ'ಗಳಲ್ಲಿ ಎಣಿಸಿರುವನು. ಸಭೆಯ ಎಲ್ಲ ಸದ್ದೂ ಸಹೃದಯರ ಸದ್ದಲ್ಲವೆಂಬ ವಿವೇಕವು ಇದರಿಂದ ಸ್ಪಷ್ಟವಾಗುವುದು.

೨

ಹೊಯ್ಸಳನಾಡಿನಲ್ಲಿ ನಗೆಗೆ ಸ್ಥಾನವಿರಲಿಲ್ಲವೆಂದು ಯಾರೂ ಹೇಳಲಾರರು. ಬೇಲೂರಿನಲ್ಲಿ ೧೧೧೭ರಲ್ಲಿ ಪ್ರತಿಷ್ಠಿತನಾದ ಕೇಶವನ ದೇಗುಲದಲ್ಲಿಯೇ ಮದನಿಕೆಯೊಬ್ಬಳ ಉಡುಗೆಯನ್ನು ಕೋತಿಯು ಹಿಡಿದೆಳೆಯುತ್ತಿರುವುದು. ಅದನ್ನು ನೋಡಿದವನಿಗೆ ಮುಗುಳ್ನಗೆ ಬಾರದಿರದು. ಆದರೆ ಅದೇ ದೇಗುಲದ ಪೂರ್ವದ್ವಾರದ ಇಕ್ಕೆಲದ ಜಾಲಂಧ್ರಗಳಲ್ಲಿ ಕೆತ್ತಲ್ಪಟ್ಟಿರುವ ಅರಸನ ಆಸ್ಥಾನದಲ್ಲಿ ಇಂತಹ ಚೇಷ್ಟೆ ಕಾಣದು. ಶಿಲ್ಪಿಯ ನಗೆಯು ಸಿಂಹಾಸನದವರೆಗೆ ಹೋಗಲಿಲ್ಲ.

ಹಳೇಬೀಡು ದೋರಸಮುದ್ರವಾಗಿದ್ದ ಕಾಲದ ವಿದ್ವತ್ಸಭೆಯನ್ನು ಕುರಿತು ಬಂದಿರುವ ಐತಿಹ್ಯವು ಕಂತಿ ಮತ್ತು ಅಭಿನವಪಂಪನಾದ ನಾಗಚಂದ್ರರದು. ಹಂಪನು ಸಮಸ್ಯೆಯನ್ನೊಡ್ಡುವನು, ಕಂತಿಯು ಒಡನೆಯೇ ಪೂರಣಮಾಡುವಳು. ಬಲ್ಲಾಳರಾಯನ ಸಭೆಯು ಕೇಳುವುದು. 'ಕಂತಿ ಹಂಪನ ಸಮಸ್ಯೆಗಳು' ಎಂಬ ಹೆಸರಿನಲ್ಲಿ ಉಳಿದಿರುವ ಪದ್ಯಗಳು ಅಷ್ಟು ಹಳೆಯವೇ ಎಂಬ ವಿಷಯದಲ್ಲಿ ವಿದ್ವಾಂಸರಿಗೆ ಸಂದೇಹವುಂಟು. ಕಥೆಯು ವಿಸ್ತಾರವಾಗಿ ದೊರೆಯುವುದು ೧೯ನೆಯ ಶತಮಾನದ ದೇವಚಂದ್ರನ ರಾಜಾವಳೀಕಥೆಯಲ್ಲಿ. ಆದುದರಿಂದ ಇದನ್ನು ಚರಿತ್ರೆಯೆಂದು ಗ್ರಹಿಸದೆ, ಸಭೆಯ ಸ್ವಭಾವವನ್ನು ಕುರಿತು ಕನ್ನಡಿಗರು ಕಟ್ಟಿಕೊಂಡ ಅಭಿಪ್ರಾಯವೆಂದು ಗ್ರಹಿಸುವುದು ಯುಕ್ತವು.

ಕಂತಿಯು ಹಂಪನನ್ನು ಎಂದಿಗೂ ಹೊಗಳಲೊಲ್ಲಳು. ಹೇಗಾದರೂ ಅವಳಿಂದ ಹೊಗಳಿಸಿಕೊಳ್ಳಬೇಕೆಂದು ಹಂಪನು ತಾನು ಸತ್ತೆನೆಂಬ ಸುದ್ದಿಯನ್ನು ಹಬ್ಬಿಸುವನು. ಕಂತಿಯು ಓಡಿಬಂದು ಅವನ ಗುಣಗಳನ್ನೆತ್ತಿ ಶೋಕಿಸುವಳು. 'ಹೆಣ'ವು ನಗುತ್ತ ಎದ್ದು ಕುಳಿತುಕೊಳ್ಳುವುದು. ಇಲ್ಲಿ ವಿಮರ್ಶಕನು ಗಮನಿಸತಕ್ಕ ಅಂಶವು ಒಂದುಂಟು. ಕಂತಿಯ ಪದ್ಯವು ಆಡುವಾಗ ಕರುಣವು. ಹಂಪನು ಎದ್ದ ಕ್ಷಣದಲ್ಲಿ ಅದೇ ಪದ್ಯವು ಹಾಸ್ಯವು. ಪದ್ಯದ ಒಂದಕ್ಷರವೂ ಬದಲಾಗಲಿಲ್ಲ. ಕೇಳಿದವರ ತಿಳಿವಳಿಕೆ ಮಾತ್ರ ಬದಲಾಯಿತು. ಮಮ್ಮಟನು ಕಾವ್ಯಪ್ರಕಾಶದ ತೃತೀಯೋಲ್ಲಾಸದಲ್ಲಿ ವ್ಯಂಗ್ಯಾರ್ಥದ ಕಾರಣಗಳನ್ನು ಎಣಿಸುವಾಗ ವಕ್ತೃವಿನ ಒಡನೆಯೇ ಬೋದ್ಧವ್ಯನನ್ನು, ಎಂದರೆ ಯಾರಿಗೆ ಮಾತು ಹೇಳಲ್ಪಟ್ಟಿತೋ ಅವನನ್ನು, ಹೇಳಿರುವುದು ಇದಕ್ಕಾಗಿಯೇ. ಈ ಕಥೆಯು ಆ ಸೂತ್ರಕ್ಕೆ ಕನ್ನಡದ ಉದಾಹರಣೆಯೆಂದರೆ ತಪ್ಪಾಗದು.

ಆದರೆ ಈ ಸಭೆಗೆ ಒಂದು ಮಿತಿಯೂ ಉಂಟು. ಇಲ್ಲಿ ಕವಿಗಳು ಸೆಣಸುವರು, ಅರಸನು ನೋಡುವನು. ನಗೆಗೆ ಗುರಿಯಾಗುವವರು ಕವಿಗಳೇ ಹೊರತು ಅರಸನಲ್ಲ. ಪ್ರೇಕ್ಷಕರಲ್ಲಿ ಪ್ರಧಾನನೂ ಅವನೇ, ಬಹುಮಾನವನ್ನು ಕೊಡುವವನೂ ಅವನೇ.

೩

ಈ ಸಮಸ್ಯಾಪೂರಣದ ಪರಂಪರೆಯು ಇಂದಿಗೂ ಜೀವಂತವಾಗಿರುವುದು ಅಷ್ಟಾವಧಾನದಲ್ಲಿ. ಕನ್ನಡದಲ್ಲಿ ಈ ಕಲೆಯನ್ನು ಪುನರುಜ್ಜೀವಿಸಿ ಜನರ ಬಳಿಗೆ ತಂದವರು ಶತಾವಧಾನಿ ರಾ. ಗಣೇಶರು. ಎಂಟು ಮಂದಿ ಪೃಚ್ಛಕರಲ್ಲಿ ಒಬ್ಬನು ನಿಷೇಧಾಕ್ಷರಿಯಿಂದ ಅಕ್ಷರಗಳನ್ನು ತಡೆಯುವನು, ಒಬ್ಬನು ಸಮಸ್ಯೆಯನ್ನು ಕೊಡುವನು, ಒಬ್ಬನು ದತ್ತಪದಿಯನ್ನು ಒಡ್ಡುವನು. ಅವರಲ್ಲಿಯೇ ಮತ್ತೊಬ್ಬನು ಅಪ್ರಸ್ತುತಪ್ರಸಂಗಿಯು. ಅವನ ಕೆಲಸವು ಸಂದರ್ಭವಿಲ್ಲದ ಮಾತಿನಿಂದ ಅವಧಾನಿಯ ಏಕಾಗ್ರತೆಯನ್ನು ಕೆಡಿಸುವುದು. ಚುನಾವಣೆ, ಮಂತ್ರಿಗಳು, ಬೆಲೆಯೇರಿಕೆ, ಊರಿನ ಸುದ್ದಿ, ಯಾವುದೂ ಅವನಿಗೆ ವರ್ಜ್ಯವಲ್ಲ. ಸಭೆಯು ಗಟ್ಟಿಯಾಗಿ ನಗುವುದು ಸಾಮಾನ್ಯವಾಗಿ ಇಲ್ಲಿಯೇ. ಛಂದಸ್ಸನ್ನರಿಯದವನೂ ಈ ಹೊತ್ತಿಗೆ ಕಿವಿ ನಿಮಿರಿಸುವನು.

ಇದನ್ನು ಕಂಡು ಅಪ್ರಸ್ತುತವೇ ಪ್ರಸ್ತುತವನ್ನು ನುಂಗಿತೆಂದು ಕೊರಗುವವರುಂಟು. ಅವರ ಆತಂಕವು ಅಕಾರಣವಲ್ಲ. ಆದರೆ ಅವಧಾನದ ರಚನೆಯಲ್ಲಿಯೇ ಇದಕ್ಕೆ ಪರಿಹಾರವಿರುವುದು. ಅವಧಾನಿಯು ಚಾಟುವಿಗೆ ಚಾಟುವನ್ನಿತ್ತು ಒಡನೆಯೇ ಬಿಟ್ಟ ಪಾದಕ್ಕೆ ಮರಳಬೇಕು. ಕೊನೆಗೆ ಧಾರಣದಲ್ಲಿ ಎಲ್ಲ ಪದ್ಯಗಳನ್ನೂ ನೆನಪಿನಿಂದ ಒಪ್ಪಿಸಬೇಕು. ಸಭೆಯು ಎದ್ದು ಹೋಗುವಾಗ ಕಿವಿಯಲ್ಲಿ ಉಳಿಯುವುದು ಪೂರ್ಣವಾದ ಪದ್ಯವು. ಶಾಸ್ತ್ರದ ಮಾತಿನಲ್ಲಿ ಹೇಳುವುದಾದರೆ, ಇಲ್ಲಿ ಹಾಸ್ಯವು ಅಂಗವು, ಅಂಗಿಯಲ್ಲ. ಆಳುವವರನ್ನು ಕುರಿತ ನಗೆಯು ಬಂದು ಹೋಗುವುದು. ಅದು ಯಾರನ್ನೂ ನಾಯಕನನ್ನಾಗಿ ಮಾಡದು.

೪

ಇದಕ್ಕೆ ಪ್ರತಿಯಾಗಿ ಹಾಸ್ಯವೇ ಅಂಗಿಯಾದ ಗೋಷ್ಠಿಯು ಬ್ರಿಟನ್ನಿನ ಬಿ. ಬಿ. ಸಿ. ದೂರದರ್ಶನದಲ್ಲಿ ೧೯೯೦ರಿಂದ ನಡೆದುಬಂದಿರುವ 'ಹ್ಯಾವ್ ಐ ಗಾಟ್ ನ್ಯೂಸ್ ಫಾರ್ ಯೂ' ಎಂಬುದು. ಇಯಾನ್ ಹಿಸ್ಲಪ್, ಪಾಲ್ ಮರ್ಟನ್ ಎಂಬಿಬ್ಬರು ಎರಡು ಪಕ್ಷಗಳ ಮುಖಂಡರು. ಅವರಲ್ಲಿ ಹಿಸ್ಲಪ್ಪರು 'ಪ್ರೈವೇಟ್ ಐ' ಎಂಬ ವಿಡಂಬನಪತ್ರಿಕೆಯ ಸಂಪಾದಕರು. ಒಬ್ಬೊಬ್ಬರ ಪಕ್ಕದಲ್ಲಿ ಒಬ್ಬ ಅತಿಥಿ. ಆ ವಾರದ ರಾಜಕೀಯವಾರ್ತೆಯನ್ನು ಹಿಡಿದು ಪ್ರಶ್ನೆಗಳು. ಅಂಕಗಳನ್ನೆಣಿಸುವುದುಂಟು, ಆದರೆ ಗೆದ್ದವರಾರೆಂದು ಯಾರೂ ಚಿಂತಿಸುವುದಿಲ್ಲ. ಅತಿಥಿಗಳಲ್ಲಿ ಪಾರ್ಲಿಮೆಂಟಿನ ಸದಸ್ಯರೂ ಇರುವರು. ಎಂದರೆ ದೋರಸಮುದ್ರದ ವ್ಯವಸ್ಥೆಯು ಇಲ್ಲಿ ತಲೆಕೆಳಗಾಗಿರುವುದು: ಆಳುವವರು ಕವಿಗಳ ಸ್ಥಾನದಲ್ಲಿ ಕುಳಿತಿರುವರು, ಪ್ರಜೆಗಳು ಅರಸನ ಸ್ಥಾನದಲ್ಲಿ ನೋಡುತ್ತಿರುವರು.

ಈ ಗೋಷ್ಠಿಯ ಎರಡು ಪ್ರಸಂಗಗಳು ವಿಚಾರಕ್ಕೆ ಅರ್ಹವಾಗಿವೆ. ೧೯೯೩ರಲ್ಲಿ ರಾಯ್ ಹ್ಯಾಟರ್ಸ್ಲಿ ಎಂಬ ಲೇಬರ್ ಪಕ್ಷದ ಹಿರಿಯ ಮುಖಂಡರು ಬರುವೆನೆಂದು ಹೇಳಿ ಬಾರದೆ ಹೋದರು. ಹೀಗಾದುದು ಅದು ಮೂರನೆಯ ಸಲ. ಅವರ ಪೀಠದಲ್ಲಿ ಹಂದಿಯ ಕೊಬ್ಬಿನ ಡಬ್ಬವೊಂದನ್ನು ಇರಿಸಿ ಆಟವನ್ನು ನಡೆಸಿದರು. ಈ ನಗೆಯ ಅರ್ಥದಲ್ಲಿ ಸಂದೇಹವಿಲ್ಲ. ಕೊಟ್ಟ ಮಾತನ್ನು ತಪ್ಪಿದುದು ವಿಷಯವು. ಬರಿಯ ಪೀಠವು ಅದನ್ನು ಎತ್ತಿ ತೋರಿಸಿತು.

ಎರಡನೆಯದು ೧೯೯೮ರಲ್ಲಿ ಬೋರಿಸ್ ಜಾನ್ಸನ್ನರು ಅತಿಥಿಯಾಗಿ ಬಂದುದು. ಆಗ ಅವರು ಪತ್ರಿಕಾಲೇಖಕರು. ಅವರ ಮಿತ್ರನೊಬ್ಬನು ಒಬ್ಬ ಪತ್ರಕರ್ತನನ್ನು ಹೊಡೆಸುವುದಕ್ಕಾಗಿ ಆತನ ವಿಳಾಸವನ್ನು ಕೇಳಿದ್ದ ಹಳೆಯ ದೂರವಾಣಿಸಂಭಾಷಣೆಯನ್ನು ಹಿಸ್ಲಪ್ಪರು ಸಭೆಯ ಮುಂದೆ ಎತ್ತಿದರು. ಇದು ಚಾಟುವಲ್ಲ, ಆರೋಪವು. ಜಾನ್ಸನ್ನರು ತಬ್ಬಿಬ್ಬಾದಂತೆ ತೋರಿಸಿಕೊಂಡು ನಗೆಯಿಂದಲೇ ಅದನ್ನು ದಾಟಿದರು, ಸಭೆಯೂ ನಕ್ಕಿತು. ಅನಂತರ ಅವರು ಮರಳಿ ಬಂದರು. ೨೦೦೨ರಿಂದೀಚೆಗೆ ನಾಲ್ಕು ಬಾರಿ ಗೋಷ್ಠಿಯ ನಿರ್ವಾಹಕರೂ ಆದರು. ೨೦೦೮ರಲ್ಲಿ ಲಂಡನ್ನಿನ ಮೇಯರಾದರು. ೨೦೧೯ರಿಂದ ೨೦೨೨ರ ವರೆಗೆ ಪ್ರಧಾನಮಂತ್ರಿಯಾಗಿದ್ದರು.

ಪ್ರೇಕ್ಷಕರ ಅಭಿಪ್ರಾಯವು ಇಲ್ಲಿ ಇಬ್ಭಾಗವಾಯಿತು. ಗೋಷ್ಠಿಯು ಆಳುವವರ ಸೊಕ್ಕನ್ನು ಮುರಿಯುವುದೆಂದು ಒಂದು ಪಕ್ಷವು. ಅದು ಅವರನ್ನು ಮನೆಯ ನೆಂಟರಂತೆ ಮಾಡಿ ಜನರ ಕೋಪವನ್ನು ಆರಿಸುವುದೆಂದು ಇನ್ನೊಂದು ಪಕ್ಷವು. ಎರಡನೆಯ ಪಕ್ಷವನ್ನು ೨೦೧೩ರಲ್ಲಿ ಕಾದಂಬರಿಕಾರರಾದ ಜೊನಾಥನ್ ಕೋ ಅವರು 'ಲಂಡನ್ ರಿವ್ಯೂ ಆಫ್ ಬುಕ್ಸ್' ಪತ್ರಿಕೆಯಲ್ಲಿ ಬಲವಾಗಿ ಮಂಡಿಸಿದರು.

೫

ಈ ವಿವಾದಕ್ಕೆ ಅಲಂಕಾರಶಾಸ್ತ್ರದಲ್ಲಿ ಉತ್ತರವುಂಟು. ದಂಡಿಯು ವ್ಯಾಜಸ್ತುತಿಯನ್ನು ನಿಂದಿಸುವಂತೆ ತೋರಿ ಹೊಗಳುವುದೆಂದು ಮಾತ್ರ ಹೇಳಿರುವನು. ಮಮ್ಮಟನಾದರೋ ಅದಕ್ಕೆ ಎರಡು ಮುಖಗಳನ್ನು ಒಪ್ಪಿರುವನು: ನಿಂದೆಯ ನೆಪದಲ್ಲಿ ಸ್ತುತಿ, ಸ್ತುತಿಯ ನೆಪದಲ್ಲಿ ನಿಂದೆ. ದಂಡಿಯು ಈ ಎರಡನೆಯದನ್ನು ಬಿಟ್ಟವನಲ್ಲ. ಲೇಶಾಲಂಕಾರದಲ್ಲಿ ಅದಕ್ಕೆ ಎಡೆಮಾಡಿರುವನು. ಅಲ್ಲಿ ಕನ್ಯೆಯೊಬ್ಬಳ ಮುಂದೆ ಅರಸನೊಬ್ಬನನ್ನು ವರನೆಂದು ವರ್ಣಿಸುತ್ತ, ಅವನ ಮನಸ್ಸು ಶೃಂಗಾರಕ್ಕಿಂತ ಹೆಚ್ಚಾಗಿ ಯುದ್ಧದಲ್ಲಿ ನೆಟ್ಟಿರುವುದೆಂದು ಹೇಳಲಾಗಿದೆ. ಸೇನಾನಿಯು ಕೇಳಿದರೆ ಅದು ಹೊಗಳಿಕೆಯು. ಆ ಕನ್ಯೆಯು ಕೇಳಿದರೆ ಎಚ್ಚರಿಕೆಯು. ವಾಕ್ಯವು ಒಂದೇ, ಬೋದ್ಧವ್ಯರು ಇಬ್ಬರು. ಕಂತಿಯ ಶೋಕಪದ್ಯದಲ್ಲಿ ಕಂಡ ನ್ಯಾಯವೇ ಇಲ್ಲಿಯೂ ಇರುವುದು.

ಪರಿಹಾಸಗೋಷ್ಠಿಯ ಮಾತುಗಳೂ ಇದೇ ಜಾತಿಯವು. ಆಡುವವನ ಉದ್ದೇಶವು ನಿಂದೆಯಾಗಿರಬಹುದು. ಪ್ರೇಕ್ಷಕನು ಆ ದೋಷವನ್ನು ಮನಸ್ಸಿನಲ್ಲಿಟ್ಟುಕೊಂಡು ನಕ್ಕರೆ ಅದು ನಿಂದೆಯಾಗಿಯೇ ಉಳಿಯುವುದು. ದೋಷವನ್ನು ಮರೆತು ದೋಷಿಯ ಚಾತುರ್ಯಕ್ಕೆ ನಕ್ಕರೆ, ಅದೇ ಮಾತು ಅದೇ ಕ್ಷಣದಲ್ಲಿ ಸ್ತುತಿಯಾಗಿ ಹೊರಳುವುದು. ಬರಿಯ ಪೀಠದ ಮುಂದೆ ಈ ಹೊರಳಿಕೆಗೆ ಅವಕಾಶವಿರಲಿಲ್ಲ. ಏಕೆಂದರೆ ಡಬ್ಬಕ್ಕೆ ಚಾತುರ್ಯವಿಲ್ಲ, ಮುಗುಳ್ನಗೆಯಿಲ್ಲ. ಎದುರಿಗೆ ಕುಳಿತು ತನ್ನನ್ನು ತಾನೇ ಹಾಸ್ಯಮಾಡಿಕೊಳ್ಳಬಲ್ಲವನ ಮುಂದೆ ಅವಕಾಶವು ಧಾರಾಳವಾಗಿರುವುದು. ತನ್ನ ಮೇಲಣ ನಗೆಯನ್ನು ತಾನೇ ಮೊದಲು ನಕ್ಕವನು ಸಭೆಯ ಕೈಯಲ್ಲಿದ್ದ ಶಸ್ತ್ರವನ್ನು ಕಿತ್ತುಕೊಂಡಂತೆಯೇ ಸರಿ.

'ಹಾಗಾದರೆ ಆಳುವವರನ್ನು ಕುರಿತ ಹಾಸ್ಯವನ್ನೇ ಬಿಡತಕ್ಕದ್ದೇ?' ಎಂದು ಯಾರಾದರೂ ಆಕ್ಷೇಪಿಸಬಹುದು. ಅದು ಈ ವಿಚಾರದ ಫಲವಲ್ಲ. ೧೧ನೆಯ ಶತಮಾನದಲ್ಲಿ ಕಾಶ್ಮೀರದ ಕ್ಷೇಮೇಂದ್ರನು ನರ್ಮಮಾಲೆಯಲ್ಲಿ ಅಧಿಕಾರಿಗಳ ಲಂಚಗುಳಿತನವನ್ನು ಹಾಸ್ಯದಿಂದಲೇ ಬಯಲಿಗೆಳೆದನು. ಕನ್ನಡದಲ್ಲಿ ಡಾ. ಎಂ. ಶಿವರಾಮರು ೧೯೪೨ರಲ್ಲಿ ಆರಂಭಿಸಿದ 'ಕೊರವಂಜಿ'ಯು ೧೯೬೭ರ ವರೆಗೆ ನಾಡನ್ನು ನಗಿಸಿತು. ಆದರೆ ಇವುಗಳಿಗೂ ದೂರದರ್ಶನದ ಗೋಷ್ಠಿಗೂ ಒಂದು ಭೇದವುಂಟು. ಕ್ಷೇಮೇಂದ್ರನ ಅಧಿಕಾರಿಯು ಎದ್ದುನಿಂತು ಪ್ರತಿಚಾಟುವನ್ನು ಹೇಳಲಾರನು. ಓದುಗನ ಕಣ್ಣು ದೋಷದ ಮೇಲಿಂದ ಕದಲದು. ಗೋಷ್ಠಿಯಲ್ಲಿ ದೋಷಿಯೂ ನಟನೇ ಆಗಿರುವನು. ಆದುದರಿಂದ ಗ್ರಂಥವನ್ನೋದುವವನಿಗಿಂತ ಗೋಷ್ಠಿಯನ್ನು ನೋಡುವವನಿಗೆ ಹೆಚ್ಚಿನ ಎಚ್ಚರವು ಬೇಕಾಗುವುದು.

'ಜನರು ದಣಿವಾರಿಸಿಕೊಳ್ಳಲು ನಗುವರು. ಅವರ ನಗೆಯ ಮೇಲೆ ಇಷ್ಟು ಹೊರೆಯನ್ನು ಹೊರಿಸುವುದು ನ್ಯಾಯವೇ?' ಎಂಬುದು ಮತ್ತೊಂದು ಆಕ್ಷೇಪವು. ವಿಶ್ರಾಂತಿಯೂ ನಾಟ್ಯದ ಪ್ರಯೋಜನವೆಂದು ಭರತನೇ ಹೇಳಿರುವುದು ನಿಜವು. ಆದರೆ ಬಲ್ಲಾಳರಾಯನ ಸಭೆಯಲ್ಲಿ ಅರಸನ ನಗೆಯಿಂದ ಕವಿಗೆ ಬಹುಮಾನವು ದೊರೆಯುತ್ತಿದ್ದಿತು. ಪ್ರಜಾರಾಜ್ಯದಲ್ಲಿ ಪ್ರಜೆಯ ನಗೆಯಿಂದ ಅತಿಥಿಗೆ ಪದವಿಯೇ ದೊರೆಯಬಹುದು. ಬಹುಮಾನವನ್ನು ಕೊಡುವ ಕೈಗೆ ವಿವೇಕವು ಬೇಡವೆನ್ನುವುದು ಎಲ್ಲಿಯೂ ಸಲ್ಲದ ಮಾತು.

ಅರಸೀಕೆರೆಯಲ್ಲಿ ೧೩ನೆಯ ಶತಮಾನದ ಆದಿಭಾಗದ ಶಿವಾಲಯವೊಂದಿರುವುದು. ಅದರ ಮುಂದಣ ತೆರೆದ ಮಂಟಪವು ನಕ್ಷತ್ರಾಕಾರವಾಗಿರುವುದು. ಅದರ ಅಂಚಿನಲ್ಲಿ ಸುತ್ತಲೂ ಜನರು ಕುಳಿತರೆ ಒಬ್ಬರ ಮುಖವು ಇನ್ನೊಬ್ಬರಿಗೆ ಕಾಣುವುದು. ನಡುವೆ ನಡೆಯುವುದನ್ನು ನೋಡುವವನು ಎದುರಿನವನು ಯಾವಾಗ ನಕ್ಕನು, ಯಾವಾಗ ಸುಮ್ಮನಾದನು ಎಂಬುದನ್ನೂ ನೋಡುವನು. ದೂರದರ್ಶನದ ಮುಂದೆ ಮನೆಮನೆಯಲ್ಲಿ ಕುಳಿತವನಿಗೆ ಆ ಸೌಕರ್ಯವಿಲ್ಲ. ಅವನಿಗೆ ಕೇಳಿಸುವುದು ಎಲ್ಲಿಯೋ ನಕ್ಕವರ ಸದ್ದು ಮಾತ್ರ. ಅದು ಸಿದ್ಧಿಯೋ ಘಾತವೋ ಎಂಬುದನ್ನು ಅವನು ತನ್ನೊಳಗೇ ನಿರ್ಣಯಿಸಿಕೊಳ್ಳಬೇಕು.

ಸಾಹಿತ್ಯವನ್ನು ಬೋಧಿಸುವವರಿಗೆ ಇಲ್ಲಿ ಒಂದು ಕೆಲಸವುಂಟು. ವ್ಯಾಜಸ್ತುತಿಯ ಲಕ್ಷಣವನ್ನು ಕಂಠಪಾಠ ಮಾಡಿಸಿ ಎರಡು ಹಳೆಯ ಉದಾಹರಣೆಗಳನ್ನು ಬರೆಯಿಸಿದರೆ ಪಾಠವು ಮುಗಿದಂತಲ್ಲ. ಆಳುವವರನ್ನು ಕುರಿತ ಒಂದು ಪರಿಹಾಸವನ್ನು ವಿದ್ಯಾರ್ಥಿಯ ಮುಂದಿಟ್ಟು, 'ಇದರಲ್ಲಿ ಹೇಳಲ್ಪಟ್ಟ ದೋಷವಾವುದು? ನಕ್ಕ ಮೇಲೆ ಆ ದೋಷವು ನೆನಪಿನಲ್ಲಿ ಉಳಿಯಿತೇ?' ಎಂದು ಕೇಳತಕ್ಕದ್ದು. ಉಳಿದರೆ ಅದು ನಿಂದೆಯು, ಉಳಿಯದಿದ್ದರೆ ಸ್ತುತಿಯು. ನಗೆಯು ಅಡಗಿದ ಮೇಲೆ ಸಭೆಯಲ್ಲಿ ಒಂದು ಕ್ಷಣದ ಮೌನವು ಹುಟ್ಟುವುದೋ ಇಲ್ಲವೋ ಎಂಬುದೇ ಪರಿಹಾಸದ ಪರೀಕ್ಷೆಯು. ಭರತನು ಸದ್ದಿಲ್ಲದ ಸಿದ್ಧಿಯನ್ನು ದೈವಿಕಿಯೆಂದು ಕರೆದುದರ ಇಂಗಿತವನ್ನು ಸಹೃದಯರು ಈ ದೃಷ್ಟಿಯಿಂದಲೂ ವಿಚಾರಿಸತಕ್ಕದ್ದು.