ನೀತಿಪತ್ರಕ್ಕೆ ವಿಶ್ವವಿದ್ಯಾನಿಲಯದ ಉತ್ತರ

ಕಾವ್ಯ, ಕಾದಂಬರಿಗಳನ್ನು ವಿಮರ್ಶಿಸಬೇಕಾದ ಈ ಪುಟದಲ್ಲಿ ಸರ್ಕಾರಿ ಕಾಗದಗಳನ್ನು ಎತ್ತಿಕೊಂಡದ್ದಕ್ಕಾಗಿ ವಾಚಕರು ಕ್ಷಮಿಸಬೇಕು. ಹೋದ ಭಾನುವಾರ ಮಳೆ ಹಿಡಿದುಕೊಂಡು ಹೊರಗೆ ಕಾಲಿಡಲಾಗಲಿಲ್ಲ. ಭಾರತ ಸರ್ಕಾರ ವಿಜ್ಞಾನ, ತಂತ್ರಜ್ಞಾನಗಳ ಬಗ್ಗೆ 1958, 1983, 2003 ಮತ್ತು 2013ರಲ್ಲಿ ಹೊರಡಿಸಿದ ನಾಲ್ಕು ನೀತಿಪತ್ರಗಳನ್ನು, ಒಬ್ಬ ಕವಿಯ ನಾಲ್ಕು ಸಂಕಲನಗಳನ್ನು ಓದುವಂತೆ, ಒಂದರ ಹಿಂದೊಂದು ಓದಿದೆ. ಮುಗಿಸುವ ಹೊತ್ತಿಗೆ ಬರೆದವರಿಗಿಂತ ಹೆಚ್ಚಾಗಿ ಬರೆಸಿಕೊಂಡವರ ಬಗ್ಗೆ ನನಗೆ ಕುತೂಹಲ ಹುಟ್ಟಿತು. ಸರ್ಕಾರ ಇಷ್ಟು ವರ್ಷ ಕಾಗದ ಬರೆಯಿತಲ್ಲ, ನಮ್ಮ ವಿಶ್ವವಿದ್ಯಾನಿಲಯಗಳು ಏನೆಂದು ಉತ್ತರ ಬರೆದವು?

1958ರ ಠರಾವಿನಲ್ಲಿರುವುದು ಏಳೇ ಕಂಡಿಕೆ. ದೇಶದ ಸಂಪತ್ತಿಗೆ ತಂತ್ರಜ್ಞಾನ, ಕಚ್ಚಾ ಪದಾರ್ಥ, ಬಂಡವಾಳ ಎಂಬ ಮೂರು ಬೇಕು. ಮೊದಲನೆಯದು ಗಟ್ಟಿಯಾಗಿದ್ದರೆ ಉಳಿದೆರಡರ ಕೊರತೆಯನ್ನು ಒಂದಿಷ್ಟು ತುಂಬಿಕೊಳ್ಳಬಹುದು. ಆದರೆ ತಂತ್ರಜ್ಞಾನ ಬೆಳೆಯುವುದು ವಿಜ್ಞಾನದ ವ್ಯಾಸಂಗದಿಂದ. ಹೀಗೆ ಒಂದು ಮಾತಿನಿಂದ ಇನ್ನೊಂದು ಮಾತು ಹುಟ್ಟುತ್ತ ಹೋಗುತ್ತದೆ. ಒಪ್ಪುವುದು ಬಿಡುವುದು ನಿಮಗೆ ಸೇರಿದ್ದು. ಅಲ್ಲಿ ಯಾರೋ ಕೂತು ಯೋಚಿಸಿದ್ದಾರೆ ಎಂಬುದಂತೂ ಸ್ಪಷ್ಟ. ಕೊನೆಗೆ, ವಿದ್ಯಾಸ್ವಾತಂತ್ರ್ಯದ ವಾತಾವರಣವನ್ನು ಉಳಿಸುವುದಾಗಿಯೂ, ನೀತಿ ರೂಪಿಸುವಾಗ ವಿಜ್ಞಾನಿಗಳನ್ನು ಜೊತೆಗೆ ಸೇರಿಸಿಕೊಳ್ಳುವುದಾಗಿಯೂ ಸರ್ಕಾರ ಮಾತು ಕೊಡುತ್ತದೆ.

1983ರ ಪತ್ರ ಸ್ವಾವಲಂಬನೆಯನ್ನು ಹಿಡಿದು ನಿಂತಿತು. 2003ರದು ಬೆಂಗಳೂರಿನಲ್ಲೇ ನಡೆದ ವಿಜ್ಞಾನ ಕಾಂಗ್ರೆಸ್ಸಿನಲ್ಲಿ ಪ್ರಕಟವಾದದ್ದು. ಹತ್ತನೆಯ ಯೋಜನೆ ಮುಗಿಯುವುದರೊಳಗೆ ದೇಶದ ಒಟ್ಟು ಉತ್ಪನ್ನದಲ್ಲಿ ಶೇಕಡ 2ನ್ನಾದರೂ ಈ ಕೆಲಸಕ್ಕೆ ತೊಡಗಿಸಬೇಕೆಂದು ಅದು ಹೇಳಿತು. 2013ರದು ಅದೇ ಶೇಕಡ 2ನ್ನು ಮತ್ತೆ ಐದು ವರ್ಷ ಮುಂದಕ್ಕೆ ತಳ್ಳಿತು. ‘ನಾವೀನ್ಯ’ ಎಂಬ ಹೊಸ ಮಂತ್ರವನ್ನು ಜಪಿಸಿತು. 2020ರ ವೇಳೆಗೆ ಭಾರತ ಲೋಕದ ಮೊದಲ ಐದು ವಿಜ್ಞಾನ ಶಕ್ತಿಗಳಲ್ಲಿ ಒಂದಾಗಬೇಕೆಂದಿತು. 2020–21ರಲ್ಲಿ ಸಂಶೋಧನೆಗೆ ದೇಶ ಮಾಡಿದ ಖರ್ಚು ಶೇಕಡ 0.64. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು ಎಂಬ ಗಾದೆಯನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಪುಟ ಹೆಚ್ಚುತ್ತ ಹೋದಂತೆ ವಿಚಾರ ಇಳಿದು ಗುರಿ ಏರಿದೆ ಎಂಬುದು ಈ ನಾಲ್ಕರ ಮೇಲೆ ನನ್ನ ಆಕ್ಷೇಪಣೆ.

ಇಷ್ಟು ಹೇಳಿ ನಿಲ್ಲಿಸಿದರೆ ಸರ್ಕಾರವನ್ನು ಬೈದ ತೃಪ್ತಿ ಸಿಕ್ಕೀತು, ನ್ಯಾಯ ಸಿಕ್ಕದು. ವಿಶ್ವವಿದ್ಯಾನಿಲಯಗಳು ಕೊಟ್ಟ ಉತ್ತರವನ್ನೂ ನೋಡೋಣ.

2010ರಲ್ಲಿ ಯುಜಿಸಿ ಅಧ್ಯಾಪಕರ ನೇಮಕಕ್ಕೂ ಬಡ್ತಿಗೂ ಅಂಕಗಳ ಪದ್ಧತಿಯೊಂದನ್ನು ತಂದಿತು. ಲೇಖನಕ್ಕೆ ಇಷ್ಟು, ಪುಸ್ತಕಕ್ಕೆ ಇಷ್ಟು, ವಿಚಾರಸಂಕಿರಣಕ್ಕೆ ಇಷ್ಟು. ಸಂಶೋಧನೆ ಬೆಳೆಯಲೆಂಬುದು ಉದ್ದೇಶ. ಬೆಳೆದದ್ದು ಕಾಸು ಕೊಟ್ಟರೆ ಏನನ್ನಾದರೂ ಅಚ್ಚುಮಾಡುವ ಪತ್ರಿಕೆಗಳ ಫಸಲು. ಅದನ್ನು ಕಂಡು ಗಾಬರಿಗೊಂಡ ಯುಜಿಸಿ, ಒಪ್ಪಿತ ಪತ್ರಿಕೆಗಳ ಪಟ್ಟಿಯೊಂದನ್ನು ಹೊರಡಿಸಿತು. ಕಳೆ ಆ ಪಟ್ಟಿಗೂ ನುಗ್ಗಿತು. 2018ರ ಮೇ ತಿಂಗಳಲ್ಲಿ 4,305 ಪತ್ರಿಕೆಗಳನ್ನು ಒಂದೇ ಏಟಿಗೆ ಅದರಿಂದ ಕಿತ್ತುಹಾಕಬೇಕಾಯಿತು. ಬಳಿಕ ‘ಕೇರ್’ ಎಂಬ ಇನ್ನೊಂದು ಪಟ್ಟಿ ಬಂತು.

ನಿಯಮ ಕೆಟ್ಟದ್ದೇ ಇರಬಹುದು. ಆದರೆ ಆ ಲೇಖನಗಳನ್ನು ಬರೆದವರು, ಎಣಿಸಿದವರು, ಎಣಿಸಿ ಬಡ್ತಿಗೆ ಶಿಫಾರಸು ಮಾಡಿದವರು ದೆಹಲಿಯ ಗುಮಾಸ್ತರಲ್ಲ. ನಮ್ಮ ಪ್ರಾಧ್ಯಾಪಕ ಮಹಾಶಯರೇ. ಯಾವುದು ಜ್ಞಾನ, ಯಾವುದು ಜೊಳ್ಳು ಎಂದು ತೂರಿ ನೋಡುವುದಕ್ಕೇ ಸಮಾಜ ಇವರನ್ನು ಸಾಕಿಕೊಂಡಿದೆ. ಮೊರ ಕೈಯಲ್ಲಿದ್ದೂ ಕಾಳನ್ನು ಪಟ್ಟಿ ನೋಡಿ ಆರಿಸಿದರೆ ಅದಕ್ಕೆ ಏನೆನ್ನೋಣ? 2020ರ ಕೊನೆಯಲ್ಲಿ ಐದನೆಯ ನೀತಿಯ ಕರಡನ್ನು ಪ್ರಕಟಿಸಿ ಸರ್ಕಾರ ಸಾರ್ವಜನಿಕರ ಅಭಿಪ್ರಾಯ ಕೇಳಿತ್ತು. ನನಗೆ ಪರಿಚಯವಿರುವ ಆರೇಳು ಮಂದಿ ಅಧ್ಯಾಪಕರನ್ನು ವಿಚಾರಿಸಿದೆ. ತಮ್ಮ ವಿದ್ಯಾವಿಷಯಕ ಪರಿಷತ್ತಿನಲ್ಲಿ ಅದನ್ನು ಚರ್ಚೆಗಿಟ್ಟದ್ದು ಒಬ್ಬರಿಗೂ ನೆನಪಿಲ್ಲ. ಸುತ್ತೋಲೆ ಬಂದರೆ ಪಾಲಿಸುವುದು, ಬರದಿದ್ದರೆ ಕಾಯುವುದು. ನಮ್ಮ ವಿಶ್ವವಿದ್ಯಾನಿಲಯಗಳಿಗೆ ಇವೆರಡೇ ರೂಢಿ.

ಹಿಂದೆ ಹೀಗಿರಲಿಲ್ಲವೆಂದು ಹೇಳಲು ದೂರ ಹೋಗಬೇಕಾಗಿಲ್ಲ. ಮೈಸೂರಿನ ಓರಿಯೆಂಟಲ್ ಲೈಬ್ರರಿ ಸರ್ಕಾರ ನಡೆಸುತ್ತಿದ್ದ ಸಂಸ್ಥೆ. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದಾಗ ಅದರ ಮಡಿಲಿಗೆ ಬಂತು. ಅದಕ್ಕೂ ಹಿಂದೆ, ತಂಜಾವೂರಿನ ಕಡೆಯ ಪಂಡಿತರೊಬ್ಬರು ತಂದೊಪ್ಪಿಸಿದ ಓಲೆಗರಿಯ ಕಟ್ಟಿನಲ್ಲಿ ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿದರು, 1909ರಲ್ಲಿ ಅಚ್ಚುಹಾಕಿಸಿದರು. ಕೋಣೆ, ಸಂಬಳ, ಕಪಾಟು ಎಲ್ಲವೂ ಸರ್ಕಾರದ್ದು. ಇಂಥದನ್ನೇ ಕಂಡುಹಿಡಿ, ಇಷ್ಟು ತಿಂಗಳಲ್ಲಿ ಕಂಡುಹಿಡಿ ಎಂದು ಯಾರೂ ಅವರಿಗೆ ಗುರಿ ಹಾಕಿಕೊಟ್ಟಿರಲಾರರು. ಗರಿಯನ್ನು ಕೈಗೆತ್ತಿಕೊಂಡಾಗ ಅದರ ಬೆಲೆ ಹೇಳಬಲ್ಲ ಕಣ್ಣು ಅಲ್ಲಿತ್ತು. ರಾಜನೀತಿಯ ಮಹಾಗ್ರಂಥವೊಂದು ಲೋಕಕ್ಕೆ ಮರಳಿ ದೊರಕಿದ್ದು ಹೀಗೆ.

ಈ ಮಾತನ್ನು ಈಗಲೇ ಎತ್ತಿದ್ದಕ್ಕೆ ಕಾರಣವಿದೆ. ಪಿಎಚ್.ಡಿ. ಮಹಾಪ್ರಬಂಧ ಸಲ್ಲಿಸುವ ಮೊದಲು ಪತ್ರಿಕೆಯಲ್ಲಿ ಲೇಖನ ಪ್ರಕಟವಾಗಿರಲೇಬೇಕೆಂಬ ಕಟ್ಟಳೆಯನ್ನು ಯುಜಿಸಿ 2022ರ ನಿಯಮಗಳಲ್ಲಿ ಕೈಬಿಟ್ಟಿತು. 2025ರಲ್ಲಿ ‘ಕೇರ್’ ಪಟ್ಟಿಯನ್ನೂ ನಿಲ್ಲಿಸಿ, ಒಳ್ಳೆಯ ಪತ್ರಿಕೆ ಯಾವುದೆಂಬ ವಿವೇಚನೆಯನ್ನು ಸಂಸ್ಥೆಗಳಿಗೇ ಬಿಟ್ಟಿತು. ಇನ್ನೊಂದು ಕಡೆ, 2023ರ ಕಾಯಿದೆಯಿಂದ ಹುಟ್ಟಿದ ಅನುಸಂಧಾನ ರಾಷ್ಟ್ರೀಯ ಸಂಶೋಧನ ಪ್ರತಿಷ್ಠಾನ ಐದು ವರ್ಷಕ್ಕೆ 50,000 ಕೋಟಿ ರೂಪಾಯಿಯ ಮಾತಾಡುತ್ತಿದೆ. ಅದರಲ್ಲಿ ಹೆಚ್ಚಿನ ಪಾಲು ಸರ್ಕಾರದ ಬೊಕ್ಕಸದ ಹೊರಗಿನಿಂದ ಬರಬೇಕೆಂಬ ಲೆಕ್ಕವಿರುವುದರಿಂದ ಬಂದಾಗ ನಂಬೋಣ. ಹಣ ಬರುವುದು ಹೇಗಾದರೂ ಇರಲಿ, ವಿವೇಚನೆಯ ಅಧಿಕಾರವಂತೂ ಮನೆಬಾಗಿಲಿಗೆ ಬಂದು ನಿಂತಿದೆ.

ಅದನ್ನು ಒಳಗೆ ಕರೆಯುತ್ತಾರೆಯೇ? ನನಗೆ ಗೊತ್ತಿರುವ ಒಂದು ವಿಶ್ವವಿದ್ಯಾನಿಲಯದಲ್ಲಿ ಈ ಬಗ್ಗೆ ಸಭೆ ಸೇರಿತಂತೆ. ಕಾಫಿ, ಬಿಸ್ಕತ್ತಾದ ಮೇಲೆ ಹಿರಿಯರೊಬ್ಬರು, “ಹೊಸ ಆದೇಶ ಬರುವ ತನಕ ಹಳೆಯ ಪಟ್ಟಿಯನ್ನೇ ಇಟ್ಟುಕೊಳ್ಳೋಣ” ಎಂದರಂತೆ. ಸರ್ವಾನುಮತದಿಂದ ಅಂಗೀಕಾರವಾಯಿತು. ಅದೇ ಕಟ್ಟಡದಲ್ಲಿ, ಹಾವೇರಿಯ ಕಡೆಯಿಂದ ಬಂದ ಹುಡುಗಿಯೊಬ್ಬಳು ಮೂರು ವರ್ಷದಿಂದ ತನ್ನೂರ ಕೆರೆಗಳ ಮಣ್ಣನ್ನು ಪರೀಕ್ಷಿಸುತ್ತಿದ್ದಾಳೆ. ಅವಳ ಕೆಲಸ ಚೆನ್ನಾಗಿದೆಯೇ ಎಂದು ಹೇಳಬಲ್ಲವರು ಅಲ್ಲಿ ಇಬ್ಬರೋ ಮೂವರೋ ಇದ್ದಾರು. ಅವರು ಹೇಳಲಿಲ್ಲವಾದರೆ, ಸತ್ತುಹೋದ ಪಟ್ಟಿಯೊಂದು ಅವಳ ಬದುಕನ್ನು ನಿರ್ಧರಿಸುತ್ತದೆ.

ಆರನೆಯದೋ ಏಳನೆಯದೋ ನೀತಿಪತ್ರ ಇನ್ನೂ ಬರುತ್ತದೆ. ಸರ್ಕಾರಗಳಿಗೆ ಬರೆಯುವ ಚಪಲ ತಪ್ಪಿದ್ದಲ್ಲ. ಅಷ್ಟರೊಳಗೆ ಯಾವುದಾದರೊಂದು ವಿಶ್ವವಿದ್ಯಾನಿಲಯ ತನ್ನದೇ ಮಾತಿನಲ್ಲಿ, ಬೇಕಾದರೆ ಏಳೇ ಕಂಡಿಕೆಯಲ್ಲಿ, ಒಂದು ಉತ್ತರ ಬರೆಯಲಿ. ಇದೇ ಅಂಕಣದಲ್ಲಿ ಅದನ್ನು ಸಂತೋಷದಿಂದ ವಿಮರ್ಶಿಸುತ್ತೇನೆ.